ಅಕ್ರಿಲಿಕ್ ಹಾಳೆಯನ್ನು ಮನೆಯಲ್ಲೇ ಅಂಚು ಒಡೆಯದಂತೆ ಕತ್ತರಿಸುವುದು

ಚಿಕ್ಕಮಗಳೂರಿನ ನಮ್ಮ ಹೆಂಚಿನ ಮನೆಯಲ್ಲಿ ಅಡುಗೆಮನೆಯ ಕಿಟಕಿಯ ಗಾಜು ಒಂದು ಜುಲೈ ತಿಂಗಳ ಗಾಳಿಮಳೆಯಲ್ಲಿ ಬಾಗಿಲು ಬಡಿದುಕೊಂಡು ಒಡೆಯಿತು. ಮತ್ತೆ ಗಾಜನ್ನೇ ಹಾಕಿಸಿದರೆ ಮುಂದಿನ ಮಳೆಗಾಲಕ್ಕೆ ಇದೇ ಪಾಡೆಂದು 3 ಮಿ.ಮೀ. ದಪ್ಪದ ಅಕ್ರಿಲಿಕ್ ಹಾಳೆಯೊಂದನ್ನು ತಂದು, ಮನೆಯಲ್ಲಿದ್ದ ಹ್ಯಾಕ್ಸಾದಿಂದ ಕೊಯ್ಯಲು ಕುಳಿತೆ. ಮುಕ್ಕಾಲು ಭಾಗ ಸರಾಗವಾಗಿಯೇ ಬಂದಿತು. ಉಳಿದ ಕಾಲು ಭಾಗ ಕೊಯ್ಯುವಾಗ ಮೇಜಿನಿಂದಾಚೆ ತೂಗಾಡುತ್ತಿದ್ದ ತುದಿ ತನ್ನ ಭಾರಕ್ಕೆ ತಾನೇ ಜಗ್ಗಿತು. ಗರಗಸದ ಸೀಳಿನ ಕೊನೆಯಿಂದ ಒಂದು ಬಿರುಕು ಟಕ್ಕೆಂದು ಓರೆಯಾಗಿ ಹೊರಟು ನನಗೆ ಬೇಕಾಗಿದ್ದ ತುಂಡಿನ ನಟ್ಟನಡುವೆ ಬಂದು ನಿಂತಿತು. ಆ ಹಾಳೆಯ ಚೂರುಗಳನ್ನು ಎಸೆಯದೆ ಇಟ್ಟುಕೊಂಡು, ಅವುಗಳ ಮೇಲೆಯೇ ಕೈ ಪಳಗಿಸಿಕೊಂಡೆ. ಆಮೇಲಿನ ವರ್ಷಗಳಲ್ಲಿ ಕಿಟಕಿಗೂ ದೇವರ ಗೂಡಿಗೂ ಹಿರಿಯರ ಪಟಗಳಿಗೂ ಹಲವಾರು ಹಾಳೆಗಳನ್ನು ಕತ್ತರಿಸಿದ್ದೇನೆ. ಈ ಕೆಲಸಕ್ಕೆ ದೊಡ್ಡ ಯಂತ್ರವೇನೂ ಬೇಕಾಗಿಲ್ಲ. ಅಕ್ರಿಲಿಕ್ ಕೆಡುವುದು ಹೆಚ್ಚಾಗಿ ಎರಡೇ ಕಾರಣಗಳಿಂದ: ಒಂದು, ಆಧಾರ ಸಾಲದೆ ಹಾಳೆ ನಡುಗುವುದು ಅಥವಾ ಜಗ್ಗುವುದು; ಇನ್ನೊಂದು, ಉಪಕರಣದ ಉಜ್ಜಾಟಕ್ಕೆ ಬಿಸಿಯೇರಿ ಕರಗುವುದು. ಈ ಎರಡನ್ನು ತಡೆದರೆ ಅಂಚು ತಾನಾಗಿಯೇ ಚೆನ್ನಾಗಿ ಬರುತ್ತದೆ.

ಹಾಳೆ ಕೊಳ್ಳುವ ಮೊದಲು

ಅಕ್ರಿಲಿಕ್ ಎಂದು ನಾವು ಕರೆಯುವುದು ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್ಕನ್ನು. ಜರ್ಮನಿಯಲ್ಲಿ 1933ರಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಲ್ಲಿ ಹೊರಬಂದ ಈ ಹಾಳೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ಪಾರದರ್ಶಕ ಮುಚ್ಚಳಗಳಿಗೆ ಬಳಕೆಯಾಯಿತು. ಗಾಜಿನ ಅರ್ಧಕ್ಕಿಂತ ಕಡಿಮೆ ತೂಕದ್ದು ಎಂಬುದು ಅದರ ದೊಡ್ಡ ಗುಣ: 3 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಗಾಜು ಸುಮಾರು ಏಳೂವರೆ ಕಿಲೋ ತೂಗಿದರೆ ಅಷ್ಟೇ ಅಕ್ರಿಲಿಕ್ ಮೂರೂವರೆ ಕಿಲೋ ಚಿಲ್ಲರೆ ತೂಗುತ್ತದೆ. ಆದರೆ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಹೆಚ್ಚುಕಡಿಮೆ ಕುದಿಯುವ ನೀರಿನ ಬಿಸಿಗೇ, ಅದು ಮೆತ್ತಗಾಗತೊಡಗುತ್ತದೆ. ಜೋರಾಗಿ ತಿರುಗುವ ಬ್ಲೇಡಿನ ಹಲ್ಲು ಆ ಬಿಸಿಯನ್ನು ಕೆಲವೇ ಕ್ಷಣಗಳಲ್ಲಿ ಮುಟ್ಟುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಎಚ್ಚರಿಕೆಗಳಿಗೆ ಕಾರಣ ಕೇಳಬೇಕಾಗುವುದಿಲ್ಲ.

ನಮ್ಮ ಕಡೆಯ ಅಂಗಡಿಗಳಲ್ಲಿ ಪಾರದರ್ಶಕವಾದ ಗಟ್ಟಿ ಪ್ಲಾಸ್ಟಿಕ್ ಯಾವುದೇ ಇರಲಿ, ಅದನ್ನು ‘ಫೈಬರ್’ ಎಂದುಬಿಡುವ ರೂಢಿಯಿದೆ. ‘ಫೈಬರ್ ಶೀಟ್ ಕೊಡಿ’ ಎಂದು ಕೇಳಿದವರಿಗೆ ಒಮ್ಮೆ ಅಕ್ರಿಲಿಕ್, ಒಮ್ಮೆ ಪಾಲಿಕಾರ್ಬೊನೇಟ್, ಇನ್ನೊಮ್ಮೆ ಅಗ್ಗದ ಪಾಲಿಸ್ಟೈರೀನ್ ಸಿಗಬಹುದು. ಆದ್ದರಿಂದ ‘ಅಕ್ರಿಲಿಕ್’ ಎಂದೇ ಹೇಳಿ ಕೇಳಬೇಕು, ಒಂದು ಸಣ್ಣ ಚೂರನ್ನು ಬಗ್ಗಿಸಿಯೂ ನೋಡಬೇಕು. ಪಾಲಿಕಾರ್ಬೊನೇಟ್ ಮಡಿಚಿದಂತೆ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಅಕ್ರಿಲಿಕ್ ಸ್ವಲ್ಪ ಬಾಗಿ ಆಮೇಲೆ ಲಟಕ್ಕೆಂದು ಮುರಿಯುತ್ತದೆ. ಹಾಳೆಗೆ ಗೀರು ಹಾಕಿ ಆ ಗೆರೆಯಲ್ಲೇ ಮುರಿಯುವ, ಮುಂದೆ ವಿವರಿಸಿರುವ ವಿಧಾನ ಈ ಮುರಿಯುವ ಗುಣವನ್ನೇ ನಂಬಿಕೊಂಡಿರುವುದರಿಂದ ಪಾಲಿಕಾರ್ಬೊನೇಟ್‌ಗೆ ಅದು ನಡೆಯುವುದಿಲ್ಲ.

ಅಕ್ರಿಲಿಕ್‌ನಲ್ಲಿಯೂ ಎರಡು ಬಗೆಗಳಿವೆ. ಎರಡು ಗಾಜಿನ ಹಲಗೆಗಳ ನಡುವೆ ದ್ರವವನ್ನು ಎರೆದು ಗಟ್ಟಿಯಾಗಿಸಿದ್ದು ಕಾಸ್ಟ್ ಹಾಳೆ. ಯಂತ್ರದ ಬಾಯಿಂದ ಒತ್ತಿ ಹೊರತೆಗೆದದ್ದು ಎಕ್ಸ್‌ಟ್ರೂಡೆಡ್ ಹಾಳೆ. ಎರಡನೆಯದು ಅಗ್ಗ, ದಪ್ಪವೂ ಎಲ್ಲೆಡೆ ಒಂದೇ ಸಮ. ಆದರೆ ಬಿಸಿಗೆ ಬೇಗ ಅಂಟಂಟಾಗುತ್ತದೆ. ಗೀರಿ ಮುರಿಯಲು ಯಾವುದಾದರೂ ಆದೀತು. ಗರಗಸ ಹಾಕುವುದಿದ್ದರೆ, ತೂತು ಕೊರೆಯುವುದಿದ್ದರೆ ಕಾಸ್ಟ್ ಹಾಳೆಗೇ ಹಣ ಕೊಡುವುದು ಮೇಲೆಂದು ನನ್ನ ಅಭಿಪ್ರಾಯ.

ಪೂರ್ತಿ ಹಾಳೆ ಸಾಮಾನ್ಯವಾಗಿ 8 ಅಡಿ ಉದ್ದ, 4 ಅಡಿ ಅಗಲ ಇರುತ್ತದೆ. ಮನೆಯ ಕೆಲಸಕ್ಕೆ ಅಷ್ಟು ಬೇಕಾಗುವುದು ಅಪರೂಪ. ಹಾಸನ, ಚಿಕ್ಕಮಗಳೂರಿನಂಥ ಊರುಗಳಲ್ಲಿ ನಾಮಫಲಕ ಮಾಡುವ ಅಂಗಡಿಗಳು ನಾಲ್ಕಾರು ಇದ್ದೇ ಇರುತ್ತವೆ. ಅವರಲ್ಲಿ ಅಕ್ಷರ ಕತ್ತರಿಸಿ ಉಳಿದ ತುಂಡುಗಳು ಗೋಡೆಗೆ ಒರಗಿ ನಿಂತಿರುತ್ತವೆ. ವಿಚಾರಿಸಿದರೆ ಕಡಿಮೆ ಬೆಲೆಗೆ ಕೊಡುವವರೂ ಇದ್ದಾರೆ. ಬೇಕಾದ ತುಂಡಿನ ಜೊತೆಗೆ ಅದೇ ದಪ್ಪದ ಒಂದೆರಡು ಬೇಡದ ಚೂರುಗಳನ್ನೂ ಕೇಳಿ ತಂದರೆ ಅಭ್ಯಾಸಕ್ಕಾಗುತ್ತದೆ. ಹಾಳೆಯ ಎರಡೂ ಬದಿಗೆ ಅಂಟಿರುವ ಕಾಗದವನ್ನೋ ಪ್ಲಾಸ್ಟಿಕ್ ಪೊರೆಯನ್ನೋ ಯಾವ ಕಾರಣಕ್ಕೂ ಮೊದಲೇ ಕಿತ್ತುಹಾಕಬಾರದು.

ಅಳತೆ

ಹಳೆಯ ಮರದ ಚೌಕಟ್ಟುಗಳ ನಾಲ್ಕು ಮೂಲೆಗಳೂ ಮೂಲೆಮಟ್ಟಕ್ಕೆ ಸರಿಯಾಗಿ ಕೂರುವುದು ಅದೃಷ್ಟದ ಮಾತು. ಟೇಪು ಹಿಡಿದು ಉದ್ದ ಅಗಲ ಬರೆದುಕೊಂಡು ಬಂದರೆ ಸಾಲದು. ದಪ್ಪ ರಟ್ಟನ್ನು ಚೌಕಟ್ಟಿನೊಳಗೆ ಕೂರಿಸಿ, ಅದು ಸರಿಯಾಗಿ ಕೂರುವವರೆಗೆ ಕತ್ತರಿಸಿ, ಆ ರಟ್ಟನ್ನೇ ಅಚ್ಚಾಗಿ ಹಾಳೆಯ ಮೇಲಿಟ್ಟು ಗುರುತು ಮಾಡುವುದು ನಾನು ಕಂಡುಕೊಂಡ ಸುರಕ್ಷಿತ ದಾರಿ.

ಮಲೆನಾಡಿನ ಅಂಚಿನ ನಮ್ಮ ಊರುಗಳಲ್ಲಿ ಅಳತೆಗೆ ಸಂಬಂಧಿಸಿದ ಇನ್ನೊಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತೇವ ಹೀರಿ ಊದಿಕೊಳ್ಳುತ್ತದೆ; ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಆಷಾಢದಲ್ಲಿ ಹೆಗಲುಕೊಟ್ಟು ನೂಕಿದರೂ ಮುಚ್ಚದಿರುವುದು ಇಲ್ಲಿ ಎಲ್ಲರಿಗೂ ಗೊತ್ತು. ಮಾರ್ಚಿಯಲ್ಲಿ ಅಳೆದ ಚೌಕಟ್ಟಿನ ಒಳ ಅಳತೆ ಜುಲೈಯಲ್ಲಿ ತುಸು ಕುಗ್ಗಿರುತ್ತದೆ. ಅತ್ತ ಅಕ್ರಿಲಿಕ್ ಬಿಸಿಲಿಗೆ ಹಿಗ್ಗುತ್ತದೆ, ಅದೂ ಗಾಜಿಗಿಂತ ಹಲವು ಪಟ್ಟು: 60 ಸೆಂ.ಮೀ. ಉದ್ದದ ತುಂಡು 30 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 1.25 ಮಿ.ಮೀ. ಬೆಳೆಯುತ್ತದೆ. ಚಳಿಗಾಲದ ಮುಂಜಾನೆಗೂ ಬೇಸಿಗೆಯ ಮಧ್ಯಾಹ್ನ ನೇರ ಬಿಸಿಲು ಬೀಳುವ ಕಿಟಕಿಗೂ ಅಷ್ಟು ಅಂತರ ಸುಲಭವಾಗಿ ಬರುತ್ತದೆ. ಹೀಗಾಗಿ ಕಿಟಕಿಯ ಹಾಳೆಯನ್ನು ಉದ್ದದಲ್ಲಿಯೂ ಅಗಲದಲ್ಲಿಯೂ ಚೌಕಟ್ಟಿಗಿಂತ ಒಟ್ಟು 3 ಮಿ.ಮೀ. ಕಡಿಮೆ ಇಟ್ಟು ಕತ್ತರಿಸಬೇಕು. ಬಿಗಿಯಾಗಿ ಕೂರಿಸಿದ ಹಾಳೆ ಮೊದಲ ಬೇಸಿಗೆಯಲ್ಲೇ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಗೋಡೆಯ ಪಟಕ್ಕೆ ಇಷ್ಟು ಲೆಕ್ಕಾಚಾರ ಬೇಡ, ಒಂದು ಮಿ.ಮೀ. ಸಡಿಲ ಸಾಕು.

ಗುರುತನ್ನು ಕಾಗದದ ಮೇಲೆ ಸೀಸದ ಕಡ್ಡಿಯಿಂದ, ಪ್ಲಾಸ್ಟಿಕ್ ಪೊರೆಯ ಮೇಲಾದರೆ ಸಿ.ಡಿ. ಮೇಲೆ ಬರೆಯುವ ಸಣ್ಣ ಮೊನೆಯ ಮಾರ್ಕರಿನಿಂದ ಹಾಕಬೇಕು. ಗೀರಿ ಮುರಿದರೆ ಅಗಲ ಹೆಚ್ಚೇನೂ ನಷ್ಟವಾಗುವುದಿಲ್ಲ. ಗರಗಸವಾದರೆ ಬ್ಲೇಡಿನ ದಾರಿಗೆ ಒಂದರಿಂದ ಎರಡು ಮಿ.ಮೀ. ಹೋಗುತ್ತದೆ, ಆ ನಷ್ಟ ಬೇಡದ ಭಾಗದ ಕಡೆಗೇ ಬೀಳುವಂತೆ ನೋಡಿಕೊಳ್ಳಬೇಕು.

ಗೀರಿ ಮುರಿಯುವುದು

2 ಮತ್ತು 3 ಮಿ.ಮೀ. ಹಾಳೆಗೆ, ನೇರ ಗೆರೆಯ ಕತ್ತರಿಕೆಗೆ ಇದಕ್ಕಿಂತ ಉತ್ತಮವಾದ ಮನೆವಿಧಾನ ಇನ್ನೊಂದಿಲ್ಲ. 4, 5 ಮಿ.ಮೀ. ಹಾಳೆಯನ್ನೂ ಎರಡೂ ಬದಿಗೆ ಗೀರಿ ಮುರಿಯಬಹುದು. ಅದಕ್ಕಿಂತ ದಪ್ಪದ್ದಕ್ಕೆ ಗರಗಸವೇ ಸರಿ.

ಇದಕ್ಕೆ ಬೇಕಾದ ಮುಖ್ಯ ಉಪಕರಣ ಅಕ್ರಿಲಿಕ್ ಕಟರ್. ನೋಡಲು ಕಾಗದ ಕತ್ತರಿಸುವ ಕಟರ್‌ನಂತೆಯೇ ಇದ್ದರೂ ಅದರ ಬ್ಲೇಡಿನ ತುದಿ ಗಿಣಿಯ ಕೊಕ್ಕಿನಂತೆ ಬಾಗಿರುತ್ತದೆ. ವ್ಯತ್ಯಾಸ ಇರುವುದೇ ಅಲ್ಲಿ. ಕಾಗದದ ಕಟರ್ ಹಾಳೆಯನ್ನು ಬೆಣೆಯಂತೆ ಎರಡು ಕಡೆಗೆ ದೂಡುತ್ತದೆ, ಏನನ್ನೂ ಹೊರತೆಗೆಯುವುದಿಲ್ಲ. ಕೊಕ್ಕಿನ ಬ್ಲೇಡು ಪ್ರತಿ ಎಳೆತಕ್ಕೂ ಒಂದು ಎಳೆಯನ್ನು ಕೆತ್ತಿ ಮೇಲೆತ್ತುತ್ತದೆ. ಕಟರ್ ಸಿಗದಿದ್ದರೆ ಮುರಿದ ಹ್ಯಾಕ್ಸಾ ಬ್ಲೇಡಿನ ತುದಿಯನ್ನು ಸಾಣೆಗೆ ಹಿಡಿಸಿ ಕೊಕ್ಕಿನಂತೆ ಮಾಡಿಕೊಂಡು, ಹಿಡಿಗೆ ಬಟ್ಟೆ ಸುತ್ತಿಕೊಳ್ಳಬಹುದು. ನಾನು ಮೊದಲೆರಡು ವರ್ಷ ಅದರಲ್ಲೇ ಕೆಲಸ ನಡೆಸಿದೆ. ಇದಲ್ಲದೆ ಹಾಳೆಯನ್ನು ಮೇಜಿಗೆ ಬಿಗಿದು ಹಿಡಿಯುವ ಎರಡು ಸಿ ಕ್ಲಾಂಪ್, ಮೇಜಿನಷ್ಟು ಉದ್ದದ ಒಂದು ನೇರವಾದ ರೀಪು, ಕಣ್ಣಿಗೆ ಕನ್ನಡಕ, ಎಡಗೈಗೆ ದಪ್ಪ ಕೈಗವಸು ಬೇಕು. ಅಳತೆಪಟ್ಟಿಯಾಗಿ ತೆಳ್ಳನೆಯ ಸ್ಟೀಲ್ ಸ್ಕೇಲನ್ನು ಬಳಸಬಾರದೆಂದೇ ಹೇಳುತ್ತೇನೆ. ಅದರ ಅಂಚು ಒಂದು ಮಿ.ಮೀ. ಎತ್ತರವೂ ಇರುವುದಿಲ್ಲವಾದ್ದರಿಂದ ಕಟರ್ ಜಾರಿದರೆ ಸ್ಕೇಲನ್ನು ಹತ್ತಿ ನೇರ ಬೆರಳಿಗೇ ಬರುತ್ತದೆ. ಕಿಟಕಿ ಕೆಲಸದವರ ಬಳಿ ಸಿಗುವ ಅಲ್ಯೂಮಿನಿಯಂ ಚೌಕ ಪೈಪಿನ ತುಂಡು ಇದಕ್ಕೆ ಹೇಳಿ ಮಾಡಿಸಿದಂತಿದೆ.

ಹಾಳೆಯನ್ನು ಪ್ಲೈವುಡ್ ಹಲಗೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ಅಡಿಯಲ್ಲಿ ಮರಳಿನ ಒಂದು ಕಣವೂ ಇಲ್ಲದಂತೆ ಒರೆಸಬೇಕು. ಅಲ್ಯೂಮಿನಿಯಂ ಪೈಪನ್ನು ನಮಗೆ ಬೇಕಾದ ತುಂಡಿನ ಮೇಲೆ ಬರುವಂತೆ ಗೆರೆಗೆ ಹೊಂದಿಸಿ ಎರಡೂ ತುದಿಯಲ್ಲಿ ಕ್ಲಾಂಪ್ ಬಿಗಿಯಬೇಕು. ಆಗ ಕಟರ್ ಹಾದಿ ತಪ್ಪಿದರೂ ಗೀರು ಬೀಳುವುದು ಬೇಡದ ಭಾಗದ ಮೇಲೆ. ಕ್ಲಾಂಪಿನ ಬಾಯಿಗೂ ಹಾಳೆಗೂ ನಡುವೆ ರಟ್ಟಿನ ಚೂರು ಇಡುವುದನ್ನು ಮರೆಯಬಾರದು.

ಮೊದಲ ಎರಡು ಮೂರು ಎಳೆತಗಳಲ್ಲಿ ಬಲವನ್ನೇ ಹಾಕಬಾರದು. ಕಟರನ್ನು ಆಚೆ ಅಂಚಿನಿಂದ ನಮ್ಮ ಕಡೆಗೆ, ಹಾಳೆಯ ಈಚೆ ಅಂಚು ದಾಟುವವರೆಗೆ, ಒಂದೇ ಹದದಲ್ಲಿ ಎಳೆಯಬೇಕು. ಈ ಎಳೆತಗಳ ಕೆಲಸ ಕಾಗದವನ್ನು ಸೀಳಿ ದಾರಿಯನ್ನು ಗುರುತಿಸುವುದಷ್ಟೇ. ದಾರಿ ಬಿದ್ದ ಮೇಲೆ ಕಟರ್ ತಾನಾಗಿಯೇ ಅದರಲ್ಲಿ ಓಡುತ್ತದೆ, ಆಗ ಒತ್ತಡ ಹೆಚ್ಚಿಸಬಹುದು. ಸರಿಯಾಗಿ ನಡೆಯುತ್ತಿದ್ದರೆ ಪ್ರತಿ ಎಳೆತಕ್ಕೂ ಒಂದು ಬಿಳಿಯ ಎಳೆ, ತೆಂಗಿನಕಾಯಿ ತುರಿಯಂತೆ ಸುರುಳಿಯಾಗಿ, ಬ್ಲೇಡಿನ ಮುಂದೆ ಏಳುತ್ತದೆ. ಎಳೆಯ ಬದಲು ಪುಡಿ ಉದುರುತ್ತಿದ್ದರೆ ಬ್ಲೇಡು ಮೊಂಡಾಗಿದೆ ಅಥವಾ ಹಿಡಿದ ಕೋನ ತಪ್ಪಿದೆ. ಕಿವಿಗೂ ಇಲ್ಲಿ ಕೆಲಸವಿದೆ: ಮೊದಮೊದಲು ಕರಕರ ಎನ್ನುವ ಸದ್ದು ಗೀರು ಆಳವಾದಂತೆ ಮೆತ್ತಗಾಗಿ, ರೇಷ್ಮೆ ಬಟ್ಟೆ ಹರಿದಂಥ ಸದ್ದಾಗುತ್ತದೆ.

3 ಮಿ.ಮೀ. ಹಾಳೆಗೆ ಹತ್ತರಿಂದ ಹದಿನೈದು ಎಳೆತ ಬೇಕಾಗಬಹುದು. ದಪ್ಪದ ಮೂರನೇ ಒಂದು ಭಾಗದಷ್ಟು ಆಳ ಸಾಕೆಂಬುದು ರೂಢಿಯ ಮಾತು. ನಾನು ಅರ್ಧದವರೆಗೆ ಹೋಗದೆ ಮುರಿಯಲು ಕೈಹಾಕುವುದಿಲ್ಲ. ಐದು ನಿಮಿಷ ಹೆಚ್ಚು ಎಳೆದದ್ದಕ್ಕೆ ಹಾಳೆ ಕೆಟ್ಟದ್ದು ನನಗೆ ನೆನಪಿಲ್ಲ. ಅವಸರಪಟ್ಟು ಮುರಿದದ್ದಕ್ಕೆ ಕೆಟ್ಟದ್ದು ಬೇಕಾದಷ್ಟಿದೆ. ಎಳೆತ ಶುರುವಾಗುವ ತುದಿಯಲ್ಲಿ ಗೀರು ಯಾವಾಗಲೂ ತೆಳುವಾಗಿರುತ್ತದೆ, ಏಕೆಂದರೆ ಬ್ಲೇಡು ಕಚ್ಚಿಕೊಳ್ಳುವ ಮೊದಲೇ ಅಷ್ಟು ದೂರ ದಾಟಿರುತ್ತದೆ. ಬಿರುಕು ಅಡ್ಡಹಾದಿ ಹಿಡಿಯುವುದು ಅಲ್ಲಿಂದಲೇ. ಆದ್ದರಿಂದ ಪೈಪನ್ನು ಅಲುಗಿಸದೆ, ನಾವೇ ಮೇಜಿನ ಇನ್ನೊಂದು ಕಡೆಗೆ ಹೋಗಿ ಆ ತುದಿಯಿಂದಲೂ ನಾಲ್ಕಾರು ಎಳೆತ ಎಳೆದು, ಗೀರು ಅಂಚಿನಿಂದ ಅಂಚಿಗೆ ಸಮವಾಗಿದೆಯೇ ಎಂದು ಬದಿಯಿಂದ ಇಣುಕಿ ನೋಡಬೇಕು. ಹಾಳೆಯ ದಪ್ಪದಲ್ಲಿ ಗೀರಿನ ಬಾಯಿ ಸಣ್ಣ ತ್ರಿಕೋನದಂತೆ ಎರಡೂ ಕಡೆ ಒಂದೇ ಅಳತೆಯಲ್ಲಿ ಕಾಣಬೇಕು.

4, 5 ಮಿ.ಮೀ. ಹಾಳೆಯಾದರೆ ಮಗುಚಿ ಹಾಕಿ, ಮೂಲೆಮಟ್ಟದಿಂದ ಗೆರೆಯನ್ನು ಅಂಚಿನ ಮೇಲಾಗಿ ಹಿಂಬದಿಗೆ ದಾಟಿಸಿ, ಅಲ್ಲಿಯೂ ಗೀರಬೇಕು. ಎರಡು ಗೀರುಗಳು ಒಂದರ ಕೆಳಗೊಂದು ನೇರ ಬಾರದಿದ್ದರೆ ಮುರಿದ ಅಂಚು ಮೆಟ್ಟಿಲಾಗುತ್ತದೆ.

ಈಗ ಮುರಿಯುವುದು. ಗೀರು ಮೇಲ್ಮುಖವಾಗಿರುವಂತೆ ಹಾಳೆಯನ್ನಿಟ್ಟು, ಗೀರನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ, ಒಂದು ಮಿ.ಮೀ.ಯಷ್ಟು ಹೊರಗೆ ಬಂದರೂ ಅಡ್ಡಿಯಿಲ್ಲ, ಹಾಳೆಯ ಒಳಭಾಗದ ಮೇಲೆ ರೀಪನ್ನು ಗೀರಿನ ಪಕ್ಕದಲ್ಲೇ ಉದ್ದಕ್ಕೂ ಬರುವಂತೆ ಇಟ್ಟು ಎರಡೂ ತುದಿಗೆ ಕ್ಲಾಂಪ್ ಬಿಗಿಯಬೇಕು. ಹೊರಗಿನ ಭಾಗದ ಮೇಲೆ ಎರಡೂ ಅಂಗೈಗಳನ್ನು ಅಗಲವಾಗಿ ಊರಿ, ಒಂದೇ ಸಲಕ್ಕೆ, ಹಿಂಜರಿಯದೆ ಕೆಳಗೆ ಒತ್ತಬೇಕು. ಅಂಜುತ್ತಾ ಸ್ವಲ್ಪಸ್ವಲ್ಪವೇ ಬಗ್ಗಿಸಿದರೆ ಹಾಳೆ ಒಂದು ತುದಿಯಲ್ಲಿ ಮೊದಲು ಸೀಳಿ ಉಳಿದದ್ದು ತನ್ನಿಷ್ಟದ ಕಡೆಗೆ ಓಡುತ್ತದೆ. ಉದ್ದನೆಯ ಗೀರಿಗೆ ಒಬ್ಬರ ಅಂಗೈ ಸಾಲದು, 60 ಸೆಂ.ಮೀ. ಮೀರಿದರೆ ಹೊರಭಾಗದ ಮೇಲೂ ಇನ್ನೊಂದು ರೀಪು ಇಟ್ಟು ಅದನ್ನು ಒತ್ತುವುದು, ಅಥವಾ ಮನೆಯವರೊಬ್ಬರನ್ನು ಕರೆದು ‘ಒಂದು, ಎರಡು’ ಎಂದು ಎಣಿಸಿ ಇಬ್ಬರೂ ಕೂಡಿ ಒತ್ತುವುದು ಒಳ್ಳೆಯದು. ಮೇಜು ಇಲ್ಲದವರು ನೆಲದ ಮೇಲೆ ಪರದೆಯ ಸರಳೊಂದನ್ನು ಗೀರಿನ ನೇರ ಅಡಿಗೆ ಬರುವಂತೆ ಇಟ್ಟು ಎರಡೂ ಬದಿಯನ್ನು ಅಂಗೈಯಿಂದ ಒತ್ತಿಯೂ ಮುರಿಯಬಹುದು. ಎರಡರಲ್ಲಿಯೂ ಗೀರು ಮೇಲಕ್ಕೇ ಇರಬೇಕು. ಬಗ್ಗಿಸಿದಾಗ ಗೀರಿನ ಬಾಯಿ ತೆರೆದುಕೊಳ್ಳಬೇಕೇ ಹೊರತು ಮುಚ್ಚಿಕೊಳ್ಳಬಾರದು.

ಈ ವಿಧಾನಕ್ಕೆ ಕೆಲವು ಮಿತಿಗಳಿವೆ. ಎರಡು ಸೆಂ.ಮೀ.ಗಿಂತ ಕಿರಿದಾದ ಪಟ್ಟಿಯನ್ನು ಅಂಗೈಯಿಂದ ಮುರಿಯಲಾಗುವುದಿಲ್ಲ, ಹಿಡಿತವೇ ಸಿಗುವುದಿಲ್ಲ; ಪಟ್ಟಿಯನ್ನು ಎರಡು ರೀಪುಗಳ ನಡುವೆ ಕ್ಲಾಂಪ್ ಮಾಡಿ ಬಗ್ಗಿಸಬೇಕು. ದುಂಡಗೆ ಕತ್ತರಿಸಲಾಗುವುದಿಲ್ಲ. ಸ್ವಿಚ್ ಬೋರ್ಡಿಗೆ ಜಾಗ ಬಿಟ್ಟಂತೆ ಒಳಮೂಲೆಯ ಕಚ್ಚು ತೆಗೆಯಲೂ ಆಗುವುದಿಲ್ಲ. ಡಿಸೆಂಬರ್, ಜನವರಿಯ ಮುಂಜಾನೆಯ ಚಳಿಯಲ್ಲಿ ಜಗಲಿಯಲ್ಲಿಟ್ಟ ಹಾಳೆ ಹೆಚ್ಚು ಗಡುಸಾಗಿರುವುದರಿಂದ ಬಿಸಿಲೇರಿ ಅದು ಮನೆಯೊಳಗಿನ ಹದಕ್ಕೆ ಬಂದ ಮೇಲೆ ಮುರಿಯುವುದು ಮೇಲು.

ಗರಗಸ ಬೇಕಾದಾಗ

ಕೈಗರಗಸವಾದರೆ ಇಂಚಿಗೆ 24 ಅಥವಾ 32 ಹಲ್ಲಿನ ಹ್ಯಾಕ್ಸಾ ಬ್ಲೇಡು ಸಾಕು. ಗೆರೆಯ ಮೇಲೆ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಹಾಳೆಯನ್ನು ಎರಡು ಹಲಗೆಗಳ ನಡುವೆ ಹಿಡಿದು ಕ್ಲಾಂಪ್ ಮಾಡಿ, ಗರಗಸವನ್ನು ನಿಲ್ಲಿಸದೆ ಮಲಗಿಸಿದಂತೆ ಓರೆಯಾಗಿ ಹಿಡಿದು ಕೊಯ್ಯಬೇಕು. ಆಗಾಗ ಸೋಪಿನ ನೀರನ್ನು ಹನಿಸಿದರೆ ಬ್ಲೇಡು ಬಿಸಿಯಾಗುವುದಿಲ್ಲ. ಕೊನೆಯ ಎರಡಿಂಚು ಉಳಿದಾಗ ನನ್ನ ಮೊದಲ ಹಾಳೆಗೆ ಏನಾಯಿತೆಂಬುದನ್ನು ನೆನೆದು, ತುಂಡಾಗಿ ಬೀಳುವ ಭಾಗದ ಅಡಿಗೂ ಆಸರೆ ಇದೆಯೇ ಎಂದು ನೋಡಿಕೊಳ್ಳಬೇಕು.

ಜಿಗ್‌ಸಾ ಯಂತ್ರ (ಸಣ್ಣ ಬ್ಲೇಡು ಮೇಲೆಕೆಳಗೆ ಆಡುತ್ತಾ ಕೊಯ್ಯುವ ಕರೆಂಟಿನ ಗರಗಸ) ಇದ್ದವರು 5 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಹಾಳೆಗೆ, ದುಂಡನೆಯ ಆಕಾರಗಳಿಗೆ ಅದನ್ನು ಬಳಸಬಹುದು. ನಾನು ಮೊದಲ ಸಲ 5 ಮಿ.ಮೀ. ಹಾಳೆಗೆ ಜಿಗ್‌ಸಾ ಹಚ್ಚಿದಾಗ ವೇಗದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದೆ. ಅರ್ಧ ಅಡಿ ಹೋಗುವಷ್ಟರಲ್ಲಿ ಸಿಹಿ ಬೆರೆತ ಘಾಟು ವಾಸನೆ ಬಂದಿತು. ಯಂತ್ರ ನಿಲ್ಲಿಸಿ ನೋಡಿದರೆ ಬ್ಲೇಡಿನ ಹಿಂದೆ ಕೊಯ್ದ ದಾರಿಯೇ ಇರಲಿಲ್ಲ. ಕರಗಿದ ಪುಡಿ ಸೀಳಿನಲ್ಲೇ ತುಂಬಿ ಮತ್ತೆ ಬೆಸೆದುಕೊಂಡಿತ್ತು, ಬ್ಲೇಡು ಅದರೊಳಗೆ ಹೂತುಹೋಗಿತ್ತು. ಆ ಮೇಲೆ ನಾನು ಪಾಲಿಸುವ ಕ್ರಮ ಹೀಗಿದೆ: ಇಂಚಿಗೆ 10ರಿಂದ 14 ಹಲ್ಲಿನ ಹೊಸ ಬ್ಲೇಡು, ಬ್ಲೇಡನ್ನು ಹಿಂದೆಮುಂದೆಯೂ ತೂಗಿಸುವ ಪೆಂಡುಲಮ್ ಗುಂಡಿ ಸೊನ್ನೆಯಲ್ಲಿ, ವೇಗ ಅರ್ಧಕ್ಕಿಂತ ಕಡಿಮೆ. ಯಂತ್ರದ ಪಾದವನ್ನು ಹಾಳೆಗೆ ಒತ್ತಿ ಹಿಡಿದು, ಬ್ಲೇಡು ಪುಡಿಯನ್ನು ಕಣಕಣವಾಗಿ ಉಗುಳುವಷ್ಟು ಮಾತ್ರ ಮುಂದೆ ತಳ್ಳಬೇಕು. ಪುಡಿ ದಾರದಂತೆ ಅಂಟಿಕೊಂಡು ಬರತೊಡಗಿದರೆ ಅದು ಬಿಸಿಯ ಗುರುತು, ನಿಲ್ಲಿಸಿ ಆರಲು ಬಿಡಬೇಕು. ಕರೆಂಟಿನ ಯಂತ್ರದ ಹತ್ತಿರ ನೀರು ಹನಿಸುವ ಉಪಾಯ ಮಾಡಲೇಬಾರದು. ಹಾಳೆಯನ್ನು ಅಂಚಿನಾಚೆ ಹೆಚ್ಚು ಚಾಚದಂತೆ, ಬ್ಲೇಡಿನ ಎರಡೂ ಬದಿಗೆ ಒಂದೆರಡು ಇಂಚಿನಲ್ಲೇ ಆಧಾರ ಸಿಗುವಂತೆ ಹಲಗೆಗಳನ್ನು ಜೋಡಿಸಿಕೊಂಡರೆ ನಡುಕವಿರುವುದಿಲ್ಲ.

ಟೈಲ್ಸ್ ಕೆಲಸದವರ ಮಾರ್ಬಲ್ ಕಟರಿಗೆ ಮರದ ಬ್ಲೇಡು ಹಾಕಿ ಅಕ್ರಿಲಿಕ್ ಕೊಯ್ಯುವವರನ್ನು ನೋಡಿದ್ದೇನೆ. ಅದರ ವೇಗ ಈ ಕೆಲಸಕ್ಕೆ ತೀರ ಹೆಚ್ಚು; ಹಾಳೆ ಕರಗುವುದು ಒಂದು ಕಡೆ, ಬ್ಲೇಡು ಕಚ್ಚಿಕೊಂಡು ಯಂತ್ರ ಹಿಂದಕ್ಕೆ ಒದೆಯುವುದು ಇನ್ನೊಂದು ಕಡೆ. ಮನೆಯಲ್ಲಿ ಅದು ಬೇಡ.

ಸ್ವಿಚ್ ಬೋರ್ಡಿನ ಜಾಗದಂಥ ಕಚ್ಚನ್ನು ತೆಗೆಯುವಾಗ ಒಳಮೂಲೆಯಲ್ಲಿ ಮೊದಲು 5–6 ಮಿ.ಮೀ. ತೂತು ಕೊರೆದು, ಗರಗಸದ ಎರಡು ದಾರಿಗಳೂ ಆ ತೂತಿಗೇ ಬಂದು ಮುಗಿಯುವಂತೆ ಕೊಯ್ಯಬೇಕು. ಚೂಪಾದ ಒಳಮೂಲೆಯಿಂದ ಇವತ್ತಲ್ಲದಿದ್ದರೆ ನಾಳೆ ಬಿರುಕು ಹೊರಡುತ್ತದೆ. ದುಂಡನೆಯ ಮೂಲೆಯಿಂದ ಹೊರಡುವುದು ಕಷ್ಟ.

ಅಕ್ಷರಗಳು, ಹೂಬಳ್ಳಿ ಮುಂತಾದ ಸೂಕ್ಷ್ಮ ಆಕಾರ ಬೇಕಾದವರು ಹಟ ಹಿಡಿಯದೆ ಲೇಸರ್ ಯಂತ್ರ ಇರುವವರಲ್ಲಿ ಕೊಟ್ಟು ಮಾಡಿಸಿಕೊಳ್ಳಬೇಕು. ಲೇಸರ್ ಕೊಯ್ದ ಅಕ್ರಿಲಿಕ್ ಅಂಚು ತಾನಾಗಿಯೇ ಹೊಳಪಾಗಿ ಬರುತ್ತದೆ.

ತೂತು ಕೊರೆಯುವುದು

ಕಬ್ಬಿಣಕ್ಕೆ ಬಳಸುವ ಡ್ರಿಲ್ ಬಿಟ್ (ಕೊರೆಯುವ ಕಡ್ಡಿ) ಅಕ್ರಿಲಿಕ್ಕನ್ನು ಕೊರೆಯುವುದಕ್ಕಿಂತ ಸ್ಕ್ರೂನಂತೆ ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ. ಕೆಳಬದಿಗೆ ತಲುಪಿದ ಕ್ಷಣದಲ್ಲಿ ಹಾಳೆ ನಕ್ಷತ್ರದಂತೆ ಸೀಳುತ್ತದೆ. ಬಿಟ್ಟಿನ ತುದಿಯ ಎರಡು ಕತ್ತರಿಸುವ ತುಟಿಗಳ ಮುಂಭಾಗವನ್ನು, ಬಿಟ್ಟಿನ ಉದ್ದಕ್ಕೆ ಸಮವಾಗಿ ಹಿಡಿದ ಸಣ್ಣ ಸಾಣೆಕಲ್ಲಿನಿಂದ ಮೂರು ನಾಲ್ಕು ಸಲ ಸವರಿ ಕಚ್ಚುವ ಚೂಪನ್ನು ತೆಗೆದರೆ ಈ ಕಾಟ ತಪ್ಪುತ್ತದೆ. ಆಗ ಅದು ಅಗೆಯುವ ಬದಲು ಹೆರೆಯುತ್ತದೆ. ಹಾಳೆಯ ಅಡಿಗೆ ಮರದ ತುಂಡನ್ನು ಒತ್ತಿ ಕ್ಲಾಂಪ್ ಮಾಡಿ, ಮೊದಲು 2–3 ಮಿ.ಮೀ. ತೂತು, ಆಮೇಲೆ ದೊಡ್ಡದು, ನಿಧಾನ ವೇಗದಲ್ಲಿ, ಆಗಾಗ ಬಿಟ್ಟನ್ನು ಮೇಲೆತ್ತಿ ಸುರುಳಿ ಉದುರಿಸುತ್ತಾ ಕೊರೆಯಬೇಕು. ಕೆಳಬದಿ ಹತ್ತಿರವಾದಾಗ ಒತ್ತಡವನ್ನು ಪೂರ್ತಿ ಬಿಟ್ಟು ಬಿಟ್ಟಿನ ಭಾರಕ್ಕೇ ಬಿಡುವುದು ಲೇಸು. ತೂತಿನ ಅಂಚಿಗೂ ಹಾಳೆಯ ಅಂಚಿಗೂ ನಡುವೆ ತೂತಿನ ಅಗಲದ ಎರಡರಷ್ಟಾದರೂ ಜಾಗ ಇರಬೇಕು. ಸ್ಕ್ರೂಗಿಂತ ತೂತು ಒಂದೂವರೆ, ಎರಡು ಮಿ.ಮೀ. ದೊಡ್ಡದಿರಬೇಕು, ನಡುವೆ ರಬ್ಬರ್ ವಾಷರ್ ಇರಬೇಕು, ಸ್ಕ್ರೂ ಬಿಗಿಯಾದ ಮೇಲೆ ಕಾಲು ಸುತ್ತು ಸಡಿಲಿಸಬೇಕು. ಹಿಗ್ಗುವ ಹಾಳೆಗೆ ಆ ಜಾಗ ಬೇಕೇ ಬೇಕು.

ಅಂಚನ್ನು ನಯಗೊಳಿಸುವುದು

ಗೀರಿ ಮುರಿದ ಅಂಚಿನ ಒಂದು ಅರ್ಧ ಗೀರಿನಿಂದ ಒರಟಾಗಿ, ಇನ್ನೊಂದು ಅರ್ಧ ಗಾಜಿನಂತೆ ನುಣುಪಾಗಿ ಇರುತ್ತದೆ. ಮೂಲೆಗೆರೆಗಳು ಮಾತ್ರ ಬ್ಲೇಡಿನಷ್ಟು ಹರಿತ. ಚೌಕಟ್ಟಿನೊಳಗೆ ಮುಚ್ಚಿಹೋಗುವ ಅಂಚಾದರೆ ಅರದಿಂದ ಆ ಹರಿತವನ್ನು ಸವರಿ ಬಿಡಬಹುದು. ಹೊರಗೆ ಕಾಣುವ ಅಂಚಿಗೆ ಕೆಲಸವಿದೆ.

ಹ್ಯಾಕ್ಸಾ ಬ್ಲೇಡಿನ ಹಲ್ಲಿಲ್ಲದ ಬೆನ್ನನ್ನು ಅಂಚಿಗೆ ಲಂಬವಾಗಿ ಹಿಡಿದು ನಮ್ಮ ಕಡೆಗೆ ಎಳೆದರೆ, ಬಡಗಿಯ ಹತ್ತರಿ ಹೊಡೆದಂತೆ ತೆಳುವಾದ ಸುರುಳಿ ಬರುತ್ತದೆ. ಗರಗಸದ ಗುರುತುಗಳೆಲ್ಲ ಹೋಗುವವರೆಗೆ ಹೀಗೆ ಹೆರೆಯಬೇಕು. ಆಮೇಲೆ ಕಾರಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರನ್ನು ಸಣ್ಣ ಮರದ ತುಂಡಿಗೆ ಸುತ್ತಿ, ನೀರಿನಲ್ಲಿ ಅದ್ದಿ, 220 ನಂಬರಿನಿಂದ ಆರಂಭಿಸಿ 400, 600, 1000ದವರೆಗೆ ಒಂದೊಂದಾಗಿ ಉಜ್ಜಬೇಕು. ನಂಬರು ಹಾರಿಸಿದರೆ ಹಿಂದಿನ ಕಾಗದದ ಗೀರುಗಳು ಕೊನೆಗೆ ಹೊಳಪು ಬಂದ ಮೇಲೆ ಎದ್ದು ಕಾಣುತ್ತವೆ, ಆಗ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. 1000 ಮುಗಿಸಿದಾಗ ಅಂಚು ಮಂಜು ಕವಿದ ಗಾಜಿನಂತಿರುತ್ತದೆ. ಮೆತ್ತನೆಯ ಹತ್ತಿಬಟ್ಟೆಗೆ ಹೊಳಪು ಕೊಡುವ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಹತ್ತು ನಿಮಿಷ ತಿಕ್ಕಿದರೆ ಮಂಜು ತಿಳಿಯಾಗುತ್ತದೆ. ಹಾಳೆಯನ್ನು ಬೇರೆ ತುಂಡಿಗೆ ಅಂಟಿಸುವುದಿದ್ದರೆ ಈ ಹೊಳಪಿನ ಹಂತ ಬೇಡ, 400ಕ್ಕೆ ನಿಲ್ಲಿಸಿದ ಸಮತಟ್ಟಾದ ಅಂಚೇ ಚೆನ್ನಾಗಿ ಕೂಡುತ್ತದೆ.

ಬೆಂಕಿಯ ನಾಲಿಗೆಯನ್ನು ಅಂಚಿನ ಮೇಲೆ ಹಾಯಿಸಿ ಹೊಳಪು ತರಿಸುವ ಪದ್ಧತಿಯೂ ಇದೆ. ಪಳಗಿದ ಕೈಗೆ ಅದು ಕ್ಷಣದ ಕೆಲಸ. ಹೊಸಬರು ಮಾಡಿದರೆ ಅಂಚು ಗುಳ್ಳೆ ಏಳುತ್ತದೆ, ಇಲ್ಲವೇ ಹತ್ತಿಕೊಳ್ಳುತ್ತದೆ. ಮೇಲಾಗಿ ಬಿಸಿಯಿಂದ ಒಳಗೆ ಉಳಿದ ಬಿಗುವಿಗೆ ಅಂಟು ಅಥವಾ ಸ್ಪಿರಿಟ್ ತಾಗಿದರೆ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಗ್ಯಾಸ್ ಒಲೆಯ ಮೇಲೆ ಪ್ರಯತ್ನಿಸುವ ಆಸೆ ಯಾರಿಗಾದರೂ ಬಂದರೆ ಅದನ್ನು ಅಲ್ಲೇ ಬಿಡುವುದು ಕ್ಷೇಮ.

ಒರೆಸುವುದರಲ್ಲಿ ಆಗುವ ತಪ್ಪು

ಚೆನ್ನಾಗಿ ಕತ್ತರಿಸಿದ ಹಾಳೆ ಒರೆಸುವಾಗ ಕೆಡುವುದೇ ಹೆಚ್ಚು. 2020ರಲ್ಲಿ ಕೊರೋನಾ ಬಂದಾಗ ಊರಿನ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮುಂದೆಲ್ಲ ಅಕ್ರಿಲಿಕ್ ಹಾಳೆ ನಿಂತವು. ದಿನಕ್ಕೆ ಹತ್ತು ಸಲ ಸ್ಯಾನಿಟೈಸರ್ ಹಾಕಿ ಒರೆಸಿದ ಕೆಲವು ಹಾಳೆಗಳಲ್ಲಿ, ಸ್ಕ್ರೂ ಹಾಕಿದ ಜಾಗದ ಸುತ್ತ ಜೇಡರ ಬಲೆಯಂಥ ಬಿರುಕುಗಳು ಮೂಡಿದ್ದನ್ನು ನೋಡಿದ್ದೇನೆ. ಸ್ಪಿರಿಟ್, ಥಿನ್ನರ್, ಪೆಟ್ರೋಲ್, ಉಗುರಿನ ಬಣ್ಣ ತೆಗೆಯುವ ದ್ರವ, ಅಮೋನಿಯಾ ಬೆರೆತ ಗಾಜು ಒರೆಸುವ ದ್ರವ, ಇವು ಯಾವುವೂ ಅಕ್ರಿಲಿಕ್‌ಗೆ ಆಗಿಬರುವುದಿಲ್ಲ. ಉಗುರುಬೆಚ್ಚನೆಯ ನೀರು, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು, ಹಳೆಯ ಪಂಚೆಯ ತುಂಡು ಸಾಕು. ಒಣಬಟ್ಟೆಯಿಂದ ಉಜ್ಜಿದರೆ ಹಾಳೆಯಲ್ಲಿ ವಿದ್ಯುತ್ತು ಹುಟ್ಟಿ ಕೊಯ್ದ ಪುಡಿಯೆಲ್ಲ ಮತ್ತೆ ಬಂದು ಅಂಟುತ್ತದೆ, ಆ ಪುಡಿಯೇ ಗೀರು ಹಾಕುತ್ತದೆ. ಬಹಳ ದಿನ ಬಿಸಿಲಿನಲ್ಲಿದ್ದು ಹೊದಿಕೆ ಕಾಗದದ ಅಂಟು ಬಿಡದಿದ್ದರೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ, ತಕ್ಷಣ ಸೋಪಿನ ನೀರಿನಿಂದ ತೊಳೆಯಬೇಕು.

ಉಳಿದ ಚೂರು, ಪುಡಿಗಳನ್ನು ಗುಡಿಸಿ ಒಣಕಸಕ್ಕೆ ಹಾಕಬೇಕು. ನಮ್ಮ ಕಡೆ ಬಚ್ಚಲಿನ ಹಂಡೆ ಒಲೆಗೆ ಸಿಕ್ಕಿದ್ದನ್ನೆಲ್ಲ ತುಂಬುವ ಅಭ್ಯಾಸವಿದೆ. ಅಕ್ರಿಲಿಕ್ ಒಮ್ಮೆ ಹತ್ತಿಕೊಂಡರೆ ಕರಗಿ ತೊಟ್ಟಿಕ್ಕುತ್ತಾ ಜೋರಾಗಿ ಉರಿಯುತ್ತದೆ, ಅದರ ಹೊಗೆಯೂ ಒಳ್ಳೆಯದಲ್ಲ.

ಕೂರಿಸುವುದು

ಕಿಟಕಿಗೆ ಕೂರಿಸುವ ದಿನ ಚೌಕಟ್ಟಿನಲ್ಲಿ ಗಾಜು ಕೂರುವ ತೋಡಿನಲ್ಲಿರುವ ಹಳೆಯ ಲಪ್ಪ (ಪುಟ್ಟಿ), ಗಾಜಿನ ಚೂರು, ಮೊಳೆಗಳನ್ನೆಲ್ಲ ತೆಗೆದು ಸ್ವಚ್ಛಗೊಳಿಸಬೇಕು. ಹಾಳೆಯ ನಾಲ್ಕೂ ಅಂಚಿನಿಂದ ಎರಡು ಸೆಂ.ಮೀ.ಯಷ್ಟು ಮಾತ್ರ ಹೊದಿಕೆ ಕಾಗದವನ್ನು ಸುಲಿದು, ನಡುವಿನದನ್ನು ಹಾಗೆಯೇ ಬಿಡಬೇಕು. ಕೆಳಗಿನ ಅಂಚಿಗೆ ಎರಡು ಕಡೆ ರಬ್ಬರಿನ ಚೂರು ಇಟ್ಟು ಹಾಳೆಯನ್ನು ಅವುಗಳ ಮೇಲೆ ನಿಲ್ಲಿಸಿದರೆ ಸುತ್ತಲೂ ಸಮನಾದ ಸಡಿಲ ಉಳಿಯುತ್ತದೆ. ನೀರು ತಡೆಯಲು ಸಿಲಿಕೋನ್ ಹಾಕುವುದಿದ್ದರೆ, ಹುಳಿವಾಸನೆ ಬರುವ ಸಾಮಾನ್ಯ ಬಗೆ ಬೇಡ. ‘ನ್ಯೂಟ್ರಲ್’ ಎಂದು ಟ್ಯೂಬಿನ ಮೇಲೆ ಬರೆದಿರುವುದನ್ನು ಕೇಳಿ ತರಬೇಕು. ಹಾಳೆಯನ್ನು ಹಿಡಿದಿಡುವ ಮರದ ತೆಳು ಪಟ್ಟಿಯನ್ನು, ಅಂದರೆ ಬೀಡಿಂಗನ್ನು, ಹೊಡೆಯುವಾಗ ಸುತ್ತಿಗೆಯ ಪೆಟ್ಟು ಜಾರಿ ಹಾಳೆಗೆ ತಾಗದಂತೆ ಅಡ್ಡಲಾಗಿ ಒಂದು ರಟ್ಟನ್ನು ಹಿಡಿಯಲು ಯಾರನ್ನಾದರೂ ನಿಲ್ಲಿಸಿಕೊಂಡರೆ ಒಳ್ಳೆಯದು. ಮೊಳೆಗಳೆಲ್ಲ ಹೊಡೆದು, ಸಿಲಿಕೋನ್ ಒಂದು ದಿನ ಒಣಗಿ, ಕಿಟಕಿಯನ್ನು ನಾಲ್ಕು ಸಲ ಮುಚ್ಚಿ ತೆಗೆದು ನೋಡಿದ ಮೇಲೆ ನಡುವಿನ ಕಾಗದವನ್ನು ಒಂದು ಮೂಲೆಯಿಂದ ಹಿಡಿದು ನಿಧಾನವಾಗಿ ಸುಲಿಯಬಹುದು.